ಮಗಳ ಟಿಕೇಟು, ತಾಯಿಯ ಬಳೆ



ಈ ಹದಿನೈದು ದಿನಗಳಲ್ಲಿ ಬಂದ ಪತ್ರಗಳ ಪೈಕಿ ಒಂದನ್ನು ನಾನು ಮೂರು ಸಲ ಓದಿದೆ. ಸುಳ್ಯ ತಾಲೂಕಿನ ಐವರ್ನಾಡಿನಿಂದ ಒಬ್ಬ ತಾಯಿ ಬರೆದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಆದರೆ ಪ್ರಶ್ನೆ ಅವರೊಬ್ಬರದಲ್ಲ. ಹೆಣ್ಣುಮಕ್ಕಳನ್ನು ಓದಿಸಿದ ಎಷ್ಟೋ ಮನೆಗಳ ಜಗಲಿಯಲ್ಲಿ ಇದೇ ಮಾತು ನಡೆದಿರುತ್ತದೆ. ಅದಕ್ಕೇ ಈ ಸಲ ಇಡೀ ಪುಟವನ್ನು ಅವರಿಗೆ ಬಿಟ್ಟಿದ್ದೇನೆ.

ಅವರು ಬರೆಯುತ್ತಾರೆ: "ಅಕ್ಕಾ, ನಮ್ಮದು ಸಣ್ಣ ಅಡಿಕೆ ತೋಟ. ಹಳದಿ ರೋಗ ಹತ್ತಿದ ಮೇಲೆ ಫಸಲು ಮೊದಲಿನ ಹಾಗಿಲ್ಲ. ಮಗಳು ರಸಾಯನ ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ, ಮೂರನೇ ವರ್ಷ. ಅಡಿಕೆ ಸಿಪ್ಪೆಯ ಬೂದಿಯಿಂದ ಏನೋ ಕೆಲಸವಂತೆ. ಅದಕ್ಕೆ ಹಸಿರು ರಸಾಯನ ಶಾಸ್ತ್ರ ಎಂದು ಹೆಸರು. ಈಗ ಯುರೋಪಿನಲ್ಲಿ ಒಂದು ವಾರದ ಸಮ್ಮೇಳನಕ್ಕೆ ಹೋಗಲು ಪ್ರಯಾಣದ ಫೆಲೋಶಿಪ್ ಸಿಕ್ಕಿದೆ. ಆದರೆ ಹಣ ಕೊಡುವುದು ಹೋಗಿ ಬಂದು ಬಿಲ್ಲು ತೋರಿಸಿದ ಮೇಲೆ. ಮೊದಲು ನಾವೇ ಒಂದೂವರೆ ಲಕ್ಷ ಹಾಕಬೇಕು. ಅವಳಿಗೆ ಒಂದು ಸಂಬಂಧದ ಮಾತೂ ನಡೆಯುತ್ತಿದೆ. ಮದುವೆಗೆ ಇಟ್ಟದ್ದನ್ನು ಮುಟ್ಟಬೇಡಿ ಅಂತ ಅತ್ತೆ ಹೇಳುತ್ತಾರೆ. ಯಜಮಾನರು ಏನೂ ಹೇಳುವುದಿಲ್ಲ. ನನ್ನ ಕೈಯಲ್ಲಿ ನಾಲ್ಕು ಬಳೆ ಇವೆ. ಅಡವಿಡಲೇ, ಬೇಡವೇ?"

ನೋಡಿ, ಪ್ರಶ್ನೆ ಎಷ್ಟು ಸರಳ! ಇಡಿ ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಬಳೆ ತೆಗೆಯುವ ಮೊದಲು ಅದು ಯಾವುದಕ್ಕೆ ಹೋಗುತ್ತದೆ ಎಂಬುದು ತಾಯಿಗೆ ತಿಳಿದಿರಬೇಕು. "ಬೂದಿಯಿಂದ ಏನೋ ಕೆಲಸವಂತೆ" ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಆರಂಭಿಸೋಣ.

ನಿಮ್ಮ ಅಜ್ಜಿಯ ಕಾಲದಲ್ಲಿ ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿ ಬಸಿದು, ಬಟ್ಟೆ ಒಗೆಯಲು ಬಳಸುತ್ತಿದ್ದರಲ್ಲವೆ? ಆ ತಿಳಿನೀರಿನಲ್ಲಿ ಕ್ಷಾರ ಇರುತ್ತದೆ. ಅಸ್ಸಾಮಿನವರು ಬಾಳೆಯ ಸಿಪ್ಪೆ ಸುಟ್ಟ ಬೂದಿಯ ನೀರನ್ನು ಅಡಿಗೆಗೇ ಹಾಕುತ್ತಾರೆ. ಅಲ್ಲಿನ ದಿಬ್ರುಗಢ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2015ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಔಷಧ ತಯಾರಿಕೆಯಲ್ಲಿ ಬಹಳ ಬಳಕೆಯಾಗುವ ಒಂದು ಕ್ರಿಯೆ ಉಂಟು. ಜಪಾನಿನ ಸುಜುಕಿ ಎಂಬವರ ಹೆಸರಿನದು, 2010ರಲ್ಲಿ ಅದಕ್ಕೆ ನೊಬೆಲ್ ಬಹುಮಾನದ ಪಾಲು ಬಂತು. ಸಾಮಾನ್ಯವಾಗಿ ಅದಕ್ಕೆ ಅಂಗಡಿಯಿಂದ ತಂದ ಕ್ಷಾರ ಬೇಕು, ಮೂಗಿಗೆ ಹೊಡೆಯುವ ದ್ರಾವಕ ಬೇಕು, ಬಹಳ ಸಲ ಕಾಯಿಸಲೂ ಬೇಕು. ಇವರು ಬಾಳೆ ಸಿಪ್ಪೆಯ ಬೂದಿ ನೀರಿನಲ್ಲೇ, ಬಿಸಿ ಮಾಡದೆ ಅದನ್ನು ಮಾಡಿ ತೋರಿಸಿದರು. ಅಜ್ಜಿಯ ಬೂದಿನೀರು ಪ್ರಯೋಗಶಾಲೆಗೆ ಹೋಯಿತು ಎನ್ನಿ! ನಿಮ್ಮ ಮಗಳು ಅಡಿಕೆ ಸಿಪ್ಪೆಯನ್ನು ಹಿಡಿದಿದ್ದಾಳೆ. ದಾರಿ ಹೆಚ್ಚು ಕಡಿಮೆ ಅದೇ.

ಹಸಿರು ರಸಾಯನ ಶಾಸ್ತ್ರ ಎಂದರೆ ಗಿಡ ನೆಡುವುದಲ್ಲ. ಅಮೆರಿಕದ ಪಾಲ್ ಅನಾಸ್ತಾಸ್ ಮತ್ತು ಜಾನ್ ವಾರ್ನರ್ ಎಂಬಿಬ್ಬರು 1998ರಲ್ಲಿ ಒಂದು ಪುಸ್ತಕ ಬರೆದು ಅದಕ್ಕೆ ಹನ್ನೆರಡು ಸೂತ್ರಗಳನ್ನು ಕೊಟ್ಟರು. ಮೊದಲನೆಯದು ಪ್ರತಿ ಗೃಹಿಣಿಗೂ ಗೊತ್ತು: ಕಸ ಮಾಡಿ ಆಮೇಲೆ ಗುಡಿಸುವುದಕ್ಕಿಂತ ಕಸವೇ ಆಗದ ಹಾಗೆ ನೋಡಿಕೊಳ್ಳುವುದು ಮೇಲು. ವಿಷವಿಲ್ಲದ ಪದಾರ್ಥ ಬಳಸು, ಉರುವಲು ಉಳಿಸು, ಮತ್ತೆ ಬೆಳೆಯುವುದನ್ನೇ ಕಚ್ಚಾ ವಸ್ತು ಮಾಡಿಕೊ, ಬಳಸಿದ ಮೇಲೆ ಮಣ್ಣಿನಲ್ಲಿ ಕರಗಿಹೋಗುವುದನ್ನೇ ತಯಾರಿಸು. ಉಳಿದ ಸೂತ್ರಗಳೂ ಇದೇ ಜಾಡಿನವು. ಅಂಗಳದ ಮೂಲೆಯಲ್ಲಿ ರಾಶಿ ಬಿದ್ದ ಅಡಿಕೆ ಸಿಪ್ಪೆಗೆ ಒಂದು ಉಪಯೋಗ ಹುಡುಕುವುದು ಈ ಶಾಸ್ತ್ರಕ್ಕೆ ಒಪ್ಪುವ ಕೆಲಸವೇ ಸರಿ.

"ಅದನ್ನು ಇಲ್ಲೇ ಕೂತು ಮಾಡಬಹುದಲ್ಲ? ಅಷ್ಟು ದೂರ ಯಾಕೆ ಹೋಗಬೇಕು?" ಅತ್ತೆಯವರು ಹೀಗೆ ಕೇಳಿಯೇ ಇರುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಉತ್ತರ ನಿಮ್ಮ ತೋಟದಲ್ಲೇ ಇದೆ.

ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಮದ್ದು ಬಿಡುತ್ತೀರಷ್ಟೆ? ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಅದರ ಹೆಸರೇನು? ಬೋರ್ಡೋ ದ್ರಾವಣ. ಬೋರ್ಡೋ ಎಂಬುದು ಫ್ರಾನ್ಸಿನ ಒಂದು ಊರು. ಅಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಹೋಗುಬರುವವರು ಕಿತ್ತು ತಿನ್ನುತ್ತಾರೆಂದು ಬೆಳೆಗಾರರು ತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿ ಕಲೆ ಕಂಡರೆ ಯಾರೂ ಮುಟ್ಟರು. ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕರು ಆ ಕಡೆ ನಡೆದು ಹೋಗುವಾಗ, ದಾರಿಬದಿಯ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಹಿಡಿಯದ್ದನ್ನು ಗಮನಿಸಿದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ಕೆನಡಾದಿಂದ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಗೊನೆಗಳಿಗೆ ಈ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅದಕ್ಕೆ ಮೊದಲು ನಮ್ಮವರಿಗೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಗತಿ.

ದ್ರಾಕ್ಷಿಯ ಊರಿನ ಮದ್ದು ಅಡಿಕೆಯ ಊರಿಗೆ ಬಂದದ್ದು ತಾನಾಗಿ ಅಲ್ಲ, ಮನುಷ್ಯರು ಹೊತ್ತು ತಂದದ್ದು. ತಿಳಿವಳಿಕೆ ಓಡಾಡುವುದೇ ಹೀಗೆ. ಆದರೆ ನೋಡಿ, ಇಷ್ಟು ವರ್ಷ ಅದು ಆ ಕಡೆಯಿಂದ ಈ ಕಡೆಗೇ ಬರುತ್ತಿತ್ತು. ನಮ್ಮ ಅಂಗಳದ ಸಿಪ್ಪೆಯ ಬೂದಿಯ ಸಂಗತಿಯನ್ನು ಆ ಕಡೆಗೆ ಹೊತ್ತುಕೊಂಡು ಹೋಗಿ ಹೇಳುವವರು ಯಾರು? ಅಲ್ಲದೆ ತುತ್ತದಲ್ಲಿರುವ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಕರಗಿಹೋಗುವುದಿಲ್ಲ. ಅದಕ್ಕೆ ಬದಲು ಏನು ಎಂಬ ಪ್ರಶ್ನೆ ಫ್ರಾನ್ಸಿನ ದ್ರಾಕ್ಷಿಯವರಿಗೂ ಇದೆ, ನಮಗೂ ಇದೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮಾತಾಡಿದರೆ ತಪ್ಪೇನು?

ನಮ್ಮ ಸೀಮೆಗೆ ಇದರಲ್ಲಿ ಇನ್ನೊಂದು ಲೆಕ್ಕವೂ ಉಂಟು. ಎಂಡೋಸಲ್ಫಾನ್ ಎಂಬ ಹೆಸರನ್ನು ಕಾಸರಗೋಡಿನ ಎಣ್ಮಕಜೆ, ಪಡ್ರೆಯವರಿಗೂ, ಬೆಳ್ತಂಗಡಿ ತಾಲೂಕಿನ ಕೊಕ್ಕಡದವರಿಗೂ ಬಿಡಿಸಿ ಹೇಳಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ಮದ್ದನ್ನು ಜಗತ್ತಿನಿಂದಲೇ ತೆಗೆಯಬೇಕೆಂಬ ತೀರ್ಮಾನ ಆದದ್ದು 2011ರ ಏಪ್ರಿಲ್‌ನಲ್ಲಿ, ಜಿನೀವಾದಲ್ಲಿ ಸೇರಿದ ದೇಶಗಳ ಸಭೆಯಲ್ಲಿ. ಮರುತಿಂಗಳೇ ನಮ್ಮ ಸುಪ್ರೀಂ ಕೋರ್ಟೂ ಅದನ್ನು ತಡೆಯಿತು. ಅಷ್ಟರೊಳಗೆ ಎಷ್ಟು ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದರು! ವಿಷ ಬಿದ್ದದ್ದು ಪಡ್ರೆಯಲ್ಲಿ, ತೀರ್ಮಾನ ಆದದ್ದು ಜಿನೀವಾದಲ್ಲಿ. ಅಂಥ ಕೋಣೆಗಳಲ್ಲಿ ನಮ್ಮ ಊರಿನ ಮಣ್ಣು ತುಳಿದ ಒಬ್ಬಳಾದರೂ ಮುಂದೆ ಕೂತಿರಬೇಕು ಎಂದು ನಿಮಗೆ ಅನ್ನಿಸುವುದಿಲ್ಲವೆ? ಅದಕ್ಕೆ ಮೊದಲ ಮೆಟ್ಟಿಲು ಇಂಥ ಒಂದು ವಾರದ ಸಮ್ಮೇಳನ.

ಇನ್ನು ಫೆಲೋಶಿಪ್ಪಿನ ಮಾತು. ಇದು ದಾನವಲ್ಲ, ತಿರುಗಾಟದ ಬಹುಮಾನವೂ ಅಲ್ಲ. ಕೆಲಸ ಆರಂಭಿಸಿದ ಎಳೆಯರ ಕೈಯಲ್ಲಿ ವಿಚಾರ ಇರುತ್ತದೆ, ಹಣ ಇರುವುದಿಲ್ಲ ಎಂದು ತಿಳಿದವರು ಮಾಡಿದ ಏರ್ಪಾಡು. ಹೆಣ್ಣುಮಕ್ಕಳಿಗೆ ಅದು ಬಹಳ ಹಿಂದಿನಿಂದ ದಾರಿ ಮಾಡಿಕೊಟ್ಟಿದೆ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಮುಂಬಯಿಯಲ್ಲಿ ಪದವಿ ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದಳು. ಅದರ ಮುಖ್ಯಸ್ಥರಾಗಿದ್ದ ಸರ್ ಸಿ. ವಿ. ರಾಮನ್ ಅವರು ಹೆಣ್ಣು ಎಂಬ ಕಾರಣಕ್ಕೆ ಬೇಡವೆಂದರು. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷೆಯ ಮೇಲೆ ಎಂದು ಸೇರಿಸಿಕೊಂಡರು. ಶ್ರೀನಿವಾಸಯ್ಯ ಎಂಬ ಗುರುಗಳ ಹತ್ತಿರ ಆಕೆ ಹಾಲು, ಬೇಳೆಕಾಳುಗಳ ಸಸಾರಜನಕವನ್ನು ಅಭ್ಯಾಸ ಮಾಡಿದಳು. ವಿದ್ಯಾರ್ಥಿವೇತನ ದೊರೆತು 1937ರಲ್ಲಿ ಕೇಂಬ್ರಿಜ್ಜಿಗೆ ಹೋದಳು, 1939ರಲ್ಲಿ ಪಿಎಚ್.ಡಿ. ಪಡೆದಳು. ಅಮೆರಿಕದ ಪದವೀಧರ ಮಹಿಳೆಯರ ಸಂಘವೊಂದು ಕೊಟ್ಟ ಪ್ರಯಾಣದ ಫೆಲೋಶಿಪ್ಪೂ ಆಕೆಗೆ ಸಿಕ್ಕಿತ್ತು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಅವರು ತಾಳೆಜಾತಿಯ ಮರಗಳ ನೀರಾದ ಪೌಷ್ಟಿಕ ಗುಣವನ್ನು ಅಭ್ಯಾಸ ಮಾಡಿ ರಾಷ್ಟ್ರಪತಿಗಳ ಪ್ರಶಸ್ತಿ ಪಡೆದರು. ಆಹಾರದ ಕಲಬೆರಕೆಯ ಬಗ್ಗೆ ಗೃಹಿಣಿಯರಿಗೆ ತಿಳಿಯುವ ಹಾಗೆ ಬರೆದರು. ಹೊರಗೆ ಕಲಿತದ್ದು ಅಡಿಗೆಮನೆಗೇ ವಾಪಸು ಬಂತು.

ನಮ್ಮ ಕನ್ನಡತಿ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ ಸರಕಾರದ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಮದುವೆಯಾಗದ ಹುಡುಗಿ, ತಿಂಗಳ ಸಮುದ್ರಯಾನ. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದಿ 1953ರಲ್ಲಿ ತಿರುಗಿ ಬಂದು, ಬೆಂಗಳೂರಿನ ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರಾಧ್ಯಾಪಕರಾಗಿ ನೂರಾರು ಮಕ್ಕಳಿಗೆ ಕಲಿಸಿದರು. ಆ ಕಾಲದಲ್ಲೂ ಮನೆಯವರು "ಹೋಗಿ ಬಾ" ಎಂದರಲ್ಲ! ನಿಮ್ಮ ಮಗಳದು ಬರೇ ಒಂದು ವಾರ.

ದೂರ ಹತ್ತಿರ ಎಂಬುದೂ ಹಾಗೆಯೇ, ಕಾಲ ಹೋದ ಹಾಗೆ ಬದಲಾಗುತ್ತದೆ. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಆದದ್ದೇ 1980ರಲ್ಲಿ. ಅದಕ್ಕೆ ಮೊದಲು ಅಲ್ಲಿದ್ದದ್ದು ಮೈಸೂರಿನವರ ಸ್ನಾತಕೋತ್ತರ ಕೇಂದ್ರ. ಆಗ ಹಳ್ಳಿಯ ಹುಡುಗಿ ಎಂ.ಎಸ್‌ಸಿ. ಓದಲು ಕೊಣಾಜೆಗೆ ಹೋಗುವುದೆಂದರೂ ಮನೆಯಲ್ಲಿ ಇಷ್ಟೇ ಚರ್ಚೆ.

ಇಂಥ ಸಹಾಯ ಎಲ್ಲೆಲ್ಲಿ ಉಂಟು ಎಂದು ಬೇರೆ ತಾಯಂದಿರಿಗಾಗಿ ಸ್ವಲ್ಪ ಹೇಳುತ್ತೇನೆ. ಹಸಿರು ರಸಾಯನ ಶಾಸ್ತ್ರದ ಎಳೆಯರಿಗಾಗಿಯೇ ಜೋಸೆಫ್ ಬ್ರೀನ್ ಸ್ಮಾರಕ ಫೆಲೋಶಿಪ್ ಎಂಬುದಿದೆ. ಅಮೆರಿಕದ ಹಸಿರು ರಸಾಯನ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರಾದ ಬ್ರೀನ್ 1999ರಲ್ಲಿ ತೀರಿಕೊಂಡರು. ಅವರ ನೆನಪಿಗೆ 2000ದಲ್ಲಿ ಇದನ್ನು ಸ್ಥಾಪಿಸಿದರು. ಬೇರೆ ದೇಶಗಳ ಎಳೆಯ ವಿದ್ವಾಂಸರು ಸಮ್ಮೇಳನಕ್ಕೋ ತರಬೇತಿಗೋ ಹೋಗಲಿ ಎಂದೇ ಇರುವ ಹಣ ಅದು. ಇಟಲಿಯ ವೆನಿಸ್ಸಿನಲ್ಲಿ 1998ರಿಂದ ಈ ಶಾಸ್ತ್ರದ ಬೇಸಗೆ ಶಾಲೆಗಳು ನಡೆದಿವೆ. ಅಲ್ಲೂ ಹಿಂದುಳಿದ ದೇಶದವರಿಗೆ ಸಹಾಯಧನ ಕೊಟ್ಟದ್ದುಂಟು. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ತನ್ನ ಸದಸ್ಯರಿಗೆ ಪ್ರಯಾಣದ ನೆರವು ಕೊಡುತ್ತದೆ. ನಮ್ಮ ದೇಶದಲ್ಲಿ ಎಸ್.ಇ.ಆರ್.ಬಿ. ಎಂಬ ಮಂಡಳಿ 35 ವರ್ಷದೊಳಗಿನ ವಿಜ್ಞಾನಿಗಳಿಗೆ ವಿಮಾನದ ಚಾರ್ಜು, ವೀಸಾ ಶುಲ್ಕ, ನೋಂದಣಿ ಶುಲ್ಕ ಕೊಡುತ್ತಿತ್ತು. 2024ರಲ್ಲಿ ಆ ಮಂಡಳಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಸೇರಿತು, ಈಗ ಅಲ್ಲಿ ವಿಚಾರಿಸಬೇಕು. ಸಿ.ಎಸ್.ಐ.ಆರ್.ನಲ್ಲೂ ಕೇಳಬಹುದು. ಮೊತ್ತ, ತಾರೀಕು, ನಿಯಮ ಇವೆಲ್ಲ ವರ್ಷ ವರ್ಷ ಬದಲಾಗುತ್ತವೆ. ಆ ವರ್ಷದ ಪ್ರಕಟಣೆಯನ್ನೇ ಓದಿ ಅರ್ಜಿ ಹಾಕಿಸಿ.

ಈಗ ಬಳೆಯ ಮಾತಿಗೆ ಬರೋಣ. ಐವರ್ನಾಡಿನ ಸೋದರಿಯೇ, ತೆಗೆಯುವ ಮೊದಲು ನಾಲ್ಕು ಕೆಲಸ ಆಗಲಿ.

ಮೊದಲನೆಯದು, ಆಹ್ವಾನ ನಿಜವೇ ಎಂದು ನೋಡುವುದು. ಹಣ ಕಟ್ಟಿದರೆ ಯಾರನ್ನು ಬೇಕಾದರೂ ಕರೆಯುವ ಸಮ್ಮೇಳನಗಳು ಈಗ ಬಹಳ. ದೊಡ್ಡ ಹೆಸರು, ಚೆಂದದ ಪತ್ರ, ಹೋಗಿ ನೋಡಿದರೆ ಹೋಟೆಲಿನ ಒಂದು ಕೋಣೆಯಲ್ಲಿ ಹತ್ತು ಜನ. ಮಗಳ ಮಾರ್ಗದರ್ಶಕರಿಗೆ ಈ ಸಮ್ಮೇಳನ ಗೊತ್ತೇ, ಅವರ ಪರಿಚಯದವರು ಹಿಂದೆ ಹೋದದ್ದುಂಟೇ ಎಂದು ಕೇಳಿಸಿ. ಫೆಲೋಶಿಪ್ ಕೊಡುತ್ತೇವೆ, ಅದಕ್ಕೆ ಮೊದಲು ಇಷ್ಟು ಹಣ ಕಳಿಸಿ ಎಂದು ಯಾರಾದರೂ ಬರೆದರೆ ಅದು ಮೋಸ, ಉತ್ತರವನ್ನೇ ಕೊಡಬೇಡಿ.

ಎರಡನೆಯದು, ಕೇಳುವುದು. ನಮ್ಮ ಮಕ್ಕಳಿಗೆ ಕೇಳಲು ಸಂಕೋಚ. ಬಹುಮಾನ ಕೊಟ್ಟವರ ಹತ್ತಿರ ಬಡತನ ಹೇಳಿಕೊಳ್ಳುವುದು ಹೇಗೆ ಎಂಬ ನಾಚಿಕೆ. ಇದರಲ್ಲಿ ನಾಚುವಂಥದ್ದೇನೂ ಇಲ್ಲ. "ಮೊದಲೇ ಇಷ್ಟು ಹಣ ಹಾಕಲು ನಮ್ಮಿಂದಾಗದು. ಟಿಕೇಟನ್ನು ನೀವೇ ನೇರವಾಗಿ ಕೊಂಡು ಕೊಡುತ್ತೀರಾ? ನೋಂದಣಿ ಶುಲ್ಕವನ್ನು ಕಟ್ಟಿಸಿಕೊಂಡು ವಾಪಸು ಮಾಡುವ ಬದಲು ಮೊದಲೇ ಬಿಡುತ್ತೀರಾ?" ಎಂದು ಎರಡು ಸಾಲು ಬರೆಯಲಿ. ಕೇಳಿದವರಿಗೆ ಹಾಗೆ ಮಾಡಿಕೊಟ್ಟ ಸಂಸ್ಥೆಗಳಿವೆ. ಕೇಳದವರಿಗೆ ಯಾರೂ ತಾವಾಗಿ ಕೊಡುವುದಿಲ್ಲ.

ಮೂರನೆಯದು, ಅವಳ ವಿಶ್ವವಿದ್ಯಾನಿಲಯದಲ್ಲಿ ಮುಂಗಡ ಸಿಗುವುದೇ ಎಂದು ವಿಚಾರಿಸುವುದು. ಒಂದು ಕಡೆಯಿಂದ ಟಿಕೇಟು, ಇನ್ನೊಂದು ಕಡೆಯಿಂದ ಊಟ ವಸತಿ ಎಂದು ಹೊಂದಿಸಬಹುದು. ಆದರೆ ಒಂದೇ ಖರ್ಚಿಗೆ ಎರಡು ಕಡೆ ಬಿಲ್ಲು ಕೊಡಬಾರದು. ಸರಕಾರದ ಹಣವಾದರೆ ಟಿಕೇಟನ್ನು ಇಂಥವರ ಮೂಲಕವೇ ಕೊಳ್ಳಬೇಕೆಂಬ ನಿಯಮ ಇರಬಹುದು. ಕೊಂಡ ಮೇಲೆ ಓದಿದರೆ ಪ್ರಯೋಜನವಿಲ್ಲ, ಮೊದಲೇ ಓದಲಿ.

ನಾಲ್ಕನೆಯದು, ಕಾಗದದಲ್ಲಿ ಲೆಕ್ಕ ಬರೆಯುವುದು. ಎಷ್ಟು ಬೇಕು, ಅದರಲ್ಲಿ ಎಷ್ಟು ವಾಪಸು ಬರುತ್ತದೆ, ಯಾವಾಗ ಬರುತ್ತದೆ. ಒಂದು ಸತ್ಯವನ್ನೂ ಹೇಳಿಬಿಡುತ್ತೇನೆ. ಅಡವಿನ ಬಡ್ಡಿಯನ್ನು ಯಾವ ಫೆಲೋಶಿಪ್ಪೂ ಕೊಡುವುದಿಲ್ಲ, ಅದು ಮನೆಯ ಪಾಲು. ವಾಪಸು ಬರುವ ಹಣವೂ ಕೆಲವು ಸಲ ತಿಂಗಳುಗಟ್ಟಲೆ ತಡ. ಇದನ್ನು ಮೊದಲೇ ತಿಳಿದುಕೊಂಡರೆ ಆಮೇಲೆ ಮಗಳ ಮುಖ ನೋಡಿ ನಿಟ್ಟುಸಿರು ಬಿಡುವ ಪ್ರಸಂಗ ಬರುವುದಿಲ್ಲ.

ಇಷ್ಟು ಮಾಡಿದ ಮೇಲೂ ಕೊರತೆ ಉಳಿದರೆ ಬಳೆ ಇಡಿ. ನಾಲ್ಕೂ ಬೇಡ, ಲೆಕ್ಕಕ್ಕೆ ಬೇಕಾದಷ್ಟೇ. ಕೈಸಾಲ ಬೇಡ, ಖಾಸಗಿ ಬಡ್ಡಿಯವರೂ ಬೇಡ; ಊರಿನ ಸಹಕಾರಿ ಸಂಘದಲ್ಲೋ ಬ್ಯಾಂಕಿನಲ್ಲೋ ರಸೀದಿ ಪಡೆದು ಇಡಿ. ಹಣ ಬಂದ ದಿನವೇ ಮೊದಲು ಬಳೆ ಬಿಡಿಸುವುದು ಎಂದು ಮಗಳ ಕೈಯಿಂದಲೇ ಬರೆಸಿಕೊಳ್ಳಿ. ಅವಿಶ್ವಾಸದಿಂದ ಅಲ್ಲ. ಇದು ತಾಯಿಯ ತ್ಯಾಗ ಅಲ್ಲ, ವ್ಯವಹಾರ ಎಂದು ಇಬ್ಬರಿಗೂ ತಿಳಿದಿರಲಿ. ತ್ಯಾಗದ ಭಾರ ಹೊತ್ತುಕೊಂಡು ಹೋದ ಹುಡುಗಿಗೆ ಅಲ್ಲಿ ನಾಲ್ಕು ಮಾತಾಡಲೂ ಭಯ. ಸಾಲ ತೆಗೆದುಕೊಂಡು ಹೋದವಳು ತಲೆ ಎತ್ತಿ ಹೋಗುತ್ತಾಳೆ.

ಸಂಬಂಧದ ಮಾತು? ಮುಚ್ಚಿಡಬೇಡಿ. ಗಂಡಿನ ಕಡೆಯವರಿಗೆ ನೀವೇ ಮೊದಲು ಹೇಳಿ: "ಮಗಳಿಗೆ ಹೀಗೊಂದು ಗೌರವ ಸಿಕ್ಕಿದೆ, ಒಂದು ವಾರ ಹೋಗಿ ಬರುತ್ತಾಳೆ." ಒಳ್ಳೆಯವರಾದರೆ ಸಂತೋಷಪಡುತ್ತಾರೆ. ಒಂದು ವಾರಕ್ಕೇ ಮುಖ ಸಿಂಡರಿಸಿದರೆ, ಮದುವೆಯಾದ ಮೇಲೆ ಅವಳ ಸಂಶೋಧನೆ ಮುಗಿಯಲು ಬಿಟ್ಟಾರೆಯೇ? ಅದು ಈಗಲೇ ಗೊತ್ತಾದದ್ದು ಲಾಭ. ಅತ್ತೆಯವರ ಮೇಲೆ ಸಿಟ್ಟು ಬೇಡ. ಅವರು ಕಂಡ ಕಾಲದಲ್ಲಿ ಹುಡುಗಿಗೆ ಕೊಡಬಹುದಾದ ಭದ್ರತೆ ಎಂದರೆ ಚಿನ್ನವೊಂದೇ. ಈಗ ಇನ್ನೊಂದು ಬಗೆಯ ಭದ್ರತೆಯೂ ಉಂಟು ಎಂದು ಮೊಮ್ಮಗಳೇ ಅವರ ಹತ್ತಿರ ಕೂತು ಹೇಳಲಿ. ಬೂದಿನೀರು ಬಸಿಯುವ ಕ್ರಮವನ್ನು ಅವರಿಂದಲೇ ಕೇಳಿ ಬರೆದುಕೊಳ್ಳಲಿ. ಅಜ್ಜಿಯ ಕೈಗುಣ ಸಮ್ಮೇಳನಕ್ಕೆ ಹೋಗುತ್ತದೆ ಎಂದರೆ ಯಾವ ಅಜ್ಜಿ ಬೇಡ ಎನ್ನುತ್ತಾಳೆ?

ಯಜಮಾನರ ಮೌನವನ್ನು ಬೇಡ ಎಂದು ಅರ್ಥ ಮಾಡಬೇಡಿ. ಗಂಡಸರಿಗೆ ಹಣವಿಲ್ಲ ಎಂದು ಬಾಯಿಬಿಡುವುದು ಕಷ್ಟ. ಆ ಲೆಕ್ಕದ ಕಾಗದವನ್ನು ಅವರ ಮುಂದಿಡಿ, ಮಾತು ತಾನಾಗಿ ಬರುತ್ತದೆ.

ಹೊರಡುವ ಸಿದ್ಧತೆಗೆ ನಾಲ್ಕು ಮಾತು. ಪಾಸ್‌ಪೋರ್ಟಿನಲ್ಲಿ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ ಹೆಸರು ಒಂದೇ ರೀತಿ ಇರಲಿ. ನಮ್ಮ ಕಡೆಯ ಇನಿಶಿಯಲ್ಲಿನ ಗೊಂದಲದಿಂದಲೇ ಎಷ್ಟೋ ಅರ್ಜಿಗಳು ಮರಳುತ್ತವೆ. ಪೊಲೀಸ್ ತನಿಖೆಗೂ ದಿನ ಬೇಕು. ಯುರೋಪಿನ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಹೊರಡಲು ಹದಿನೈದು ದಿನಕ್ಕಿಂತ ಕಡಿಮೆ ಉಳಿದಿರಬಾರದು. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ಒಂದು ಲಕೋಟೆ ಕೊಟ್ಟು, ವಿಮಾನ ಹತ್ತುವಾಗಿನ ಚೀಟಿಯಿಂದ ಹಿಡಿದು ಬಸ್ಸಿನ ಟಿಕೇಟಿನವರೆಗೆ ಎಲ್ಲವನ್ನೂ ಅದರಲ್ಲಿ ಹಾಕಲು ಹೇಳಿ. ಆ ಲಕೋಟೆಯೇ ನಿಮ್ಮ ಬಳೆ, ತಿಳಿಯಿತೆ?

ಬುತ್ತಿಗೆ ಪೇಡೆ, ತುಪ್ಪದ ಉಂಡೆ ಬೇಡ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಯುರೋಪಿನ ಒಳಗೆ ಬಿಡುವುದಿಲ್ಲ. ಎಣ್ಣೆಯ ಉಪ್ಪಿನಕಾಯಿಯೂ ಬೇಡ; ಸೋರಿದರೆ ಕಾಗದಪತ್ರ ಹಾಳು. ಕೊಬ್ಬರಿ ಹಾಕದ ಚಟ್ನಿಪುಡಿ ಒಳ್ಳೆಯದು: ಕಡಲೆಬೇಳೆ, ಉದ್ದಿನಬೇಳೆ ಒಂದೊಂದು ಲೋಟ, ಹತ್ತು ಒಣಮೆಣಸು, ಒಂದು ಹಿಡಿ ಒಣಗಿಸಿದ ಕರಿಬೇವು ಬೇರೆ ಬೇರೆ ಹುರಿದು, ಬಿಸಿ ಬಾಣಲೆಯಲ್ಲಿ ಬಾಡಿಸಿದ ಹುಣಸೆ, ಉಪ್ಪು, ಚೂರು ಬೆಲ್ಲ, ಇಂಗು ಸೇರಿಸಿ ತರಿತರಿ ಪುಡಿ ಮಾಡಿ. ಪೂರಾ ತಣಿದ ಮೇಲೆ ಕಟ್ಟಿ. ಇದರ ಜೊತೆ ತೆಳು ಅವಲಕ್ಕಿ ಇದ್ದರೆ ಹುಡುಗಿ ಹಸಿದು ಮಲಗುವುದಿಲ್ಲ.

ಸೋದರಿ, ಮಗಳನ್ನು ಬಿ.ಎಸ್‌ಸಿ.ಗೆ ಕಳಿಸುವಾಗ, ಎಂ.ಎಸ್‌ಸಿ.ಗೆ ಕಳಿಸುವಾಗ ನೀವು ಯಾರನ್ನೂ ಪತ್ರ ಬರೆದು ಕೇಳಿರಲಿಕ್ಕಿಲ್ಲ. ಈ ಸಲ ಕೇಳಿದ್ದೀರಿ, ಅಂದರೆ ಕೊಡುವ ಮನಸ್ಸು ನಿಮಗೆ ಆಗಲೇ ಆಗಿದೆ. ಯಾರಾದರೂ ಒಬ್ಬರು ಹೌದೆನ್ನಲಿ ಎಂದು ಕಾದಿದ್ದೀರಿ. ನಾನು ಹೌದೆನ್ನುತ್ತೇನೆ. ವಿದ್ಯೆ ಅವಳು ಗಳಿಸಿದ್ದಾಳೆ, ಫೆಲೋಶಿಪ್ಪೂ ಅವಳೇ ಗಳಿಸಿದ್ದಾಳೆ. ಮೊದಲ ರೂಪಾಯಿ ಮತ್ತು ಮೊದಲ "ಹೋಗಿ ಬಾ" ಮಾತ್ರ ಮನೆಯಿಂದಲೇ ಬರಬೇಕು.

ಅವಳು ವಾಪಸು ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಬಳೆ ಕೈಗೆ ಬಂದದ್ದನ್ನೂ ಅದರಲ್ಲಿ ಮರೆಯದೆ ತಿಳಿಸಿ.